ಕಾವಿನ ಲೆಕ್ಕಿಗ ಜೋಸೆಫ್ ಫೂರಿಯೆ

ನಮ್ಮ ಕಾಲೇಜುಗಳ ಗಣಿತದ ತರಗತಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಹೆಸರುಗಳಲ್ಲಿ ಫೋರಿಯರ್ ಎಂಬುದೂ ಒಂದು. ಫ್ರೆಂಚರ ಬಾಯಲ್ಲಿ ಅದು ಫೂರಿಯೆ. ಫೋರಿಯರ್ ಶ್ರೇಣಿ, ಫೋರಿಯರ್ ಪರಿವರ್ತನೆ ಎಂದು ಬಾಯಿಪಾಠ ಮಾಡುತ್ತ ಮಾಡುತ್ತ, ಅದು ಹುಟ್ಟಿ ಬಾಳಿ ಸತ್ತ ಒಬ್ಬ ಮನುಷ್ಯನ ಹೆಸರೆಂಬುದೇ ವಿದ್ಯಾರ್ಥಿಗೆ ಮರೆತುಹೋಗುತ್ತದೆ. ಆತ ದರ್ಜಿಯ ಮಗ. ಸನ್ಯಾಸಿಯಾಗಲು ಹೊರಟು ಕ್ರಾಂತಿಯ ಸುಳಿಗೆ ಸಿಕ್ಕಿದವನು. ಗಿಲಟಿನ್ ಯಂತ್ರದ ನೆರಳಿನಿಂದ ಕೂದಲೆಳೆಯಷ್ಟರಲ್ಲಿ ಪಾರಾದವನು. ನೈಲ್ ನದಿಯ ದಡದಲ್ಲಿ ಮೂರು ವರ್ಷ ಕಳೆದವನು. ಬಳಿಕ ಜಿಲ್ಲೆಯೊಂದರ ಅಧಿಕಾರಿಯಾಗಿ ಜೌಗುನೆಲ ಬತ್ತಿಸಿದವನು. ಆತನ ಅತ್ಯುತ್ತಮ ಗಣಿತ ಹುಟ್ಟಿದುದು ವಿದ್ಯಾಪೀಠದಲ್ಲಲ್ಲ, ಕಚೇರಿಯ ಕಡತಗಳ ನಡುವೆ.

ಬರ್ಗಂಡಿ ಪ್ರಾಂತದ ಓಸೇರ್ ಎಂಬ ಊರಿನಲ್ಲಿ 1768ರ ಮಾರ್ಚ್ 21ರಂದು ಜೋಸೆಫ್ ಜನಿಸಿದನು. ತಂದೆಯ ಎರಡನೆಯ ಮದುವೆಯ ಹನ್ನೆರಡು ಮಕ್ಕಳಲ್ಲಿ ಆತ ಒಂಬತ್ತನೆಯವನು. ಒಂಬತ್ತು ವರ್ಷ ತುಂಬಿದಾಗ ತಾಯಿ ತೀರಿಕೊಂಡಳು, ಮರುವರ್ಷ ತಂದೆಯೂ ಹೋದನು. ದಿಕ್ಕಿಲ್ಲದ ಹುಡುಗನಿಗೆ ಊರಿನ ಸೈನಿಕ ಶಾಲೆಯಲ್ಲಿ ಸ್ಥಳ ದೊರೆಯಿತು; ಅದನ್ನು ನಡೆಸುತ್ತಿದ್ದವರು ಬೆನೆಡಿಕ್ಟೀನ್ ಪಂಥದ ಸನ್ಯಾಸಿಗಳು. ಹದಿನಾಲ್ಕು ತುಂಬುವ ಹೊತ್ತಿಗೆ ಬೆಜೂ ಎಂಬ ಪಂಡಿತನ ಆರು ಸಂಪುಟಗಳ ಗಣಿತಪಾಠವನ್ನು ಹುಡುಗ ಮುಗಿಸಿದ್ದನು. ಎಲ್ಲರೂ ಮಲಗಿದ ಮೇಲೆ ಓದುವುದಕ್ಕೆಂದು ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಆತ ಕೂಡಿಡುತ್ತಿದ್ದನೆಂದು ಕಥೆಯುಂಟು. ಇಂಥ ಕಥೆಗಳು ದೊಡ್ಡವರೆಲ್ಲರ ಬಾಲ್ಯಕ್ಕೂ ಅಂಟಿಕೊಳ್ಳುತ್ತವೆ. ಆದರೆ ಈ ಹುಡುಗನ ವಿಷಯದಲ್ಲಿ ನಂಬಬೇಕೆನಿಸುತ್ತದೆ.

1787ರಲ್ಲಿ ಆತ ಲ್ವಾರ್ ನದಿಯ ತೀರದ ಸೇಂಟ್ ಬೆನ್ವಾ ಮಠವನ್ನು ಸೇರಿದನು. ಮನಸ್ಸು ಮಾತ್ರ ಗಣಿತದಲ್ಲಿತ್ತು. ಇಪ್ಪತ್ತೊಂದನೆಯ ವರ್ಷಕ್ಕೆ ನ್ಯೂಟನ್ನನೂ ಪಾಸ್ಕಲನೂ ಅಮರಕೀರ್ತಿ ಗಳಿಸಿದ್ದರಲ್ಲಾ, ತಾನಿನ್ನೂ ಏನನ್ನೂ ಸಾಧಿಸಲಿಲ್ಲವಲ್ಲಾ ಎಂದು ತನ್ನ ಗುರುವಿಗೆ ಬರೆದ ಕಾಗದದಲ್ಲಿ ಕೊರಗಿಕೊಂಡನು. ದೀಕ್ಷೆ ತೆಗೆದುಕೊಳ್ಳದೆಯೇ 1789ರಲ್ಲಿ ಮಠ ಬಿಟ್ಟು, ಸಮೀಕರಣಗಳ ಮೇಲಿನ ತನ್ನ ಲೇಖನವನ್ನು ಪ್ಯಾರಿಸಿನ ವಿದ್ವತ್ಸಭೆಯ ಮುಂದೆ ಓದಿದನು. ಆ ವರ್ಷ ಫ್ರಾನ್ಸಿನಲ್ಲಿ ಏನು ನಡೆಯಿತೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ.

ಊರಿಗೆ ಮರಳಿ ತಾನು ಕಲಿತ ಶಾಲೆಯಲ್ಲಿಯೇ ಉಪಾಧ್ಯಾಯನಾದ ಫೂರಿಯೆ 1793ರಲ್ಲಿ ಸ್ಥಳೀಯ ಕ್ರಾಂತಿಸಮಿತಿಯನ್ನು ಸೇರಿದನು. ಭೀತಿಯ ಆಳ್ವಿಕೆ ಮೊದಲಾದಾಗ ಆತನಿಗೆ ಜಿಗುಪ್ಸೆ ಹುಟ್ಟಿತು. ಸಮಿತಿಯಿಂದ ಬಿಡಿಸಿಕೊಳ್ಳಬೇಕೆಂದರೆ ದಾರಿಯಿಲ್ಲ. ಓರ್ಲಿಯಾ ಪಟ್ಟಣದ ಪಕ್ಷಜಗಳದಲ್ಲಿ ಒಂದು ಪಕ್ಷವನ್ನು ಸಮರ್ಥಿಸಿ ಮಾತನಾಡಿದ್ದು ಕಂಟಕವಾಗಿ, 1794ರ ಜುಲೈ ತಿಂಗಳಲ್ಲಿ ಆತ ಸೆರೆಮನೆ ಕಂಡನು. ಅಂದಿನ ದಿನಗಳಲ್ಲಿ ಸೆರೆಮನೆಯಿಂದ ಗಿಲಟಿನ್‌ಗೆ ಬಹಳ ದೂರವಿರಲಿಲ್ಲ. ಆದರೆ ಅದೇ ತಿಂಗಳ 28ರಂದು ರೋಬೆಸ್ಪಿಯೆರನ ತಲೆಯೇ ಉರುಳಿತು. ಫೂರಿಯೆಯ ತಲೆ ಉಳಿಯಿತು.

1795ರಲ್ಲಿ ಪ್ಯಾರಿಸಿನಲ್ಲಿ ತೆರೆದ ಉಪಾಧ್ಯಾಯರ ಶಾಲೆಗೆ ಆತ ವಿದ್ಯಾರ್ಥಿಯಾಗಿ ಹೋದನು. ಅಲ್ಲಿ ಪಾಠ ಹೇಳುತ್ತಿದ್ದವರು ಲಗ್ರಾಂಜ್, ಲಪ್ಲಾಸ್, ಮೋಂಜ್—ಯುರೋಪಿನ ಮೂವರು ಮಹಾಗಣಿತಜ್ಞರು. ಎರಡೇ ವರ್ಷಗಳಲ್ಲಿ, ಎಂದರೆ 1797ರಲ್ಲಿ, ಎಕೋಲ್ ಪಾಲಿಟೆಕ್ನೀಕ್ ವಿದ್ಯಾಲಯದಲ್ಲಿ ಲಗ್ರಾಂಜನ ಪೀಠಕ್ಕೇ ಶಿಷ್ಯನು ಏರಿದನು. ಈ ವಿದ್ಯಾಲಯದ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಫಿರಂಗಿಗಳ ಜೊತೆಗೆ ಪಂಡಿತರ ದೊಡ್ಡ ತಂಡವನ್ನೂ ಹಡಗು ಹತ್ತಿಸಿದನು. ಅವರಲ್ಲಿ ಫೂರಿಯೆಯೂ ಒಬ್ಬ. ಕೈರೋ ನಗರದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಗೆ ಆತ ಕಾರ್ಯದರ್ಶಿಯಾದನು. ಅದೇ ಕೈರೋದಿಂದ 1799ರ ಜನವರಿಯಲ್ಲಿ ನೆಪೋಲಿಯನ್ ನಮ್ಮ ಮೈಸೂರಿನ ಟಿಪ್ಪು ಸುಲ್ತಾನನಿಗೊಂದು ಪತ್ರ ಬರೆದನೆಂಬುದನ್ನೂ, ಅದು ಶ್ರೀರಂಗಪಟ್ಟಣವನ್ನು ಸೇರದೆ ನಡುದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಬಿದ್ದಿತೆಂಬುದನ್ನೂ ಇಲ್ಲಿ ಸ್ಮರಿಸಬಹುದು. ಆ ಬೇಸಗೆಯ ಕೊನೆಗೆ ನೆಪೋಲಿಯನ್ ಸದ್ದಿಲ್ಲದೆ ಫ್ರಾನ್ಸಿಗೆ ಹೊರಟುಹೋದನು. ಪಂಡಿತರಲ್ಲಿ ಹೆಚ್ಚಿನವರು ಅಲ್ಲಿಯೇ ಉಳಿದರು. ಫೂರಿಯೆ ಮರಳಿದುದು 1801ರಲ್ಲಿ. ಮತ್ತೆ ಪಾಠ ಹೇಳಿಕೊಂಡಿರಬೇಕೆಂಬ ಆಸೆ ಕೈಗೂಡಲಿಲ್ಲ. ಆಲ್ಪ್ಸ್ ಪರ್ವತಗಳ ಮಗ್ಗುಲಿನ ಇಜೇರ್ ಜಿಲ್ಲೆಗೆ ನೆಪೋಲಿಯನ್ ಆತನನ್ನು ಅಧಿಕಾರಿಯಾಗಿ ನೇಮಿಸಿದನು. ಗ್ರೆನೋಬ್ಲ್ ಆ ಜಿಲ್ಲೆಯ ಮುಖ್ಯಪಟ್ಟಣ.

ಅಧಿಕಾರಿಯಾಗಿ ಆತ ಸಾಮಾನ್ಯನಾಗಿರಲಿಲ್ಲ. ಬೂರ್ಗ್ವಾ ಎಂಬಲ್ಲಿನ ಜೌಗುಪ್ರದೇಶವನ್ನು ಬತ್ತಿಸಲು ಸುತ್ತಲಿನ ಹಳ್ಳಿಹಳ್ಳಿಗಳ ಒಪ್ಪಿಗೆ ಬೇಕಾಗಿತ್ತು. ಅದನ್ನು ತಾಳ್ಮೆಯಿಂದ ಪಡೆದು ಕೆಲಸ ಮಾಡಿಸಿದನು. ಗ್ರೆನೋಬ್ಲಿನಿಂದ ಇಟಲಿಯ ಟ್ಯೂರಿನ್ ಕಡೆಗೆ ಬೆಟ್ಟದ ರಸ್ತೆ ಹಾಕಿಸಿದನು. ಈಜಿಪ್ಟನ್ನು ಕುರಿತ ಮಹಾಗ್ರಂಥಕ್ಕೆ ಐತಿಹಾಸಿಕ ಪೀಠಿಕೆ ಬರೆದನು. ಆ ಊರಿನ ಶಾಂಪೋಲಿಯೋ ಎಂಬ ಹುಡುಗ ಈಜಿಪ್ಟಿನ ಹಳೆಯ ಲಿಪಿಯ ಹುಚ್ಚು ಹತ್ತಿಸಿಕೊಂಡಿದ್ದನು. ಮುಂದೆ ಆ ತರುಣನಿಗೆ ಸೈನ್ಯದ ಕಡ್ಡಾಯ ಸೇವೆಯಿಂದ ವಿನಾಯಿತಿ ಸಿಗುವಂತೆ ಮಾಡಿದವನು ಈ ಅಧಿಕಾರಿಯೇ. ಇಷ್ಟೆಲ್ಲದರ ನಡುವೆ ಉಷ್ಣದ ಸಂಶೋಧನೆ ನಡೆದಿತ್ತು.

ಕಾದ ವಸ್ತುವಿನಲ್ಲಿ ಕಾವು ಹೇಗೆ ಹರಡುತ್ತದೆ? ಫೂರಿಯೆ ಕಬ್ಬಿಣದ ಬಳೆಯೊಂದನ್ನು ಮಾಡಿಸಿ, ಅಲ್ಲಲ್ಲಿ ತೂತು ಕೊರೆಯಿಸಿ, ಉಷ್ಣಮಾಪಕಗಳನ್ನಿಟ್ಟು, ಒಂದು ಕಡೆ ಕಾಯಿಸಿ, ಕಾವು ಸುತ್ತಲೂ ಹರಿಯುವುದನ್ನು ನೋಡಿ ಬರೆದುಕೊಂಡನು. ಬಳೆಯ ಸುತ್ತಲಿನ ಕಾವಿನ ಏರಿಳಿತವನ್ನು ಒಂದು ರೇಖೆಯಾಗಿ ಬರೆದರೆ ಮೊದಲಿಗೆ ಅದು ಅಂಕುಡೊಂಕು. ಆ ಅಂಕುಡೊಂಕನ್ನು ಆತ ನಯವಾದ ಅಲೆಗಳ ಮೊತ್ತವೆಂದು ಬಗೆದನು: ಬಳೆಯನ್ನು ಒಂದು ಸಲ ಸುತ್ತುವ ಅಲೆ, ಅದರೊಳಗೆ ಎರಡು ಸಲ ಏರಿಳಿಯುವ ಅಲೆ, ಮೂರು ಸಲ ಏರಿಳಿಯುವ ಅಲೆ, ಹೀಗೆ ಮುಗಿಯದ ಸಾಲು. ಪ್ರತಿಯೊಂದು ಅಲೆಯೂ ತನ್ನ ಪಾಡಿಗೆ ತಾನು ಕುಗ್ಗುತ್ತದೆ. ವಹನದಿಂದಾಗುವ ಈ ಕುಗ್ಗುವಿಕೆ ಎರಡನೆಯ ಅಲೆಗೆ ಮೊದಲನೆಯದಕ್ಕಿಂತ ನಾಲ್ಕು ಪಟ್ಟು, ಮೂರನೆಯದಕ್ಕೆ ಒಂಬತ್ತು ಪಟ್ಟು ವೇಗ. ಆದುದರಿಂದ ಸಣ್ಣ ಅಲೆಗಳೆಲ್ಲ ಬೇಗ ಅಳಿದು, ಅರ್ಧ ಬಳೆ ತುಸು ಬಿಸಿ, ಅರ್ಧ ತುಸು ತಂಪು ಎಂಬ ಒಂದೇ ಸರಳ ಅಲೆ ಉಳಿಯುತ್ತದೆ. ಉಷ್ಣಮಾಪಕಗಳೂ ಅದನ್ನೇ ಹೇಳಿದವು.

1807ರ ಡಿಸೆಂಬರ್ 21ರಂದು ಈ ಪ್ರಬಂಧವು ಪ್ಯಾರಿಸಿನ ವಿದ್ವತ್ಸಭೆಯ ಮುಂದೆ ಬಂದಿತು. ಪರೀಕ್ಷಕರು ಲಗ್ರಾಂಜ್, ಲಪ್ಲಾಸ್, ಮೋಂಜ್, ಲಕ್ರ್ವಾ. ಎಪ್ಪತ್ತು ದಾಟಿದ್ದ ಲಗ್ರಾಂಜ್ ಒಪ್ಪಲಿಲ್ಲ. ಮಿಡಿದ ತಂತಿಯ ಆಕಾರವನ್ನು ಅಲೆಗಳ ಮೊತ್ತವಾಗಿ ಬರೆಯಬಹುದೆಂದು ಡೇನಿಯಲ್ ಬರ್ನೂಲಿ 1753ರಲ್ಲಿ ಹೇಳಿದಾಗಲೂ ಆಯ್ಲರನಂಥವನೇ ಅದನ್ನು ತಳ್ಳಿಹಾಕಿದ್ದನು. ಮೂಲೆಯುಳ್ಳ, ಮುರಿದ, ಮನಸ್ಸಿಗೆ ಬಂದಂತೆ ಎಳೆದ ಗೆರೆಯೊಂದು ಮೂಲೆಯೇ ಇಲ್ಲದ ಅಲೆಗಳನ್ನು ಕೂಡಿಸುವುದರಿಂದ ಹುಟ್ಟೀತೇ? ಈ ಸಂಶಯ ಮೂರ್ಖರದಲ್ಲ. ಫೂರಿಯೆಯ ಸಾಧನೆಯ ಹಿರಿಮೆಯನ್ನು ಹೇಳುವವರು ಲಗ್ರಾಂಜನನ್ನು ಹಳೆಯ ಕಾಲದ ಹಟಮಾರಿಯಂತೆ ಚಿತ್ರಿಸುವುದುಂಟು, ಅದು ನ್ಯಾಯವಲ್ಲ. ಫೂರಿಯೆಯ ಕೈಯಲ್ಲಿ ಉತ್ತರವಿತ್ತು, ಸಾಧನೆಯ ಪೂರ್ಣ ತರ್ಕವಿರಲಿಲ್ಲ. 1811ರ ಬಹುಮಾನಕ್ಕೆ ಸಂಸ್ಥೆಯು ಅದೇ ವಿಷಯವನ್ನು ಸಾರಿದಾಗ ಆತ ಪ್ರಬಂಧವನ್ನು ಬೆಳೆಸಿ ಮತ್ತೆ ಕಳುಹಿಸಿದನು. ಬಹುಮಾನ ಬಂದಿತು, ಜೊತೆಗೆ ತರ್ಕದ ಬಿಗಿ ಸಾಲದೆಂಬ ಟೀಕೆಯೂ ಬಂದಿತು. ಅಚ್ಚು ಮಾತ್ರ ಆಗಲಿಲ್ಲ.

1815ರಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದ ದಾರಿಯು ಗ್ರೆನೋಬ್ಲಿನ ಮೂಲಕವೇ ಹಾದಿತ್ತು. ಅರಸನ ಅಧಿಕಾರಿಯಾಗಿದ್ದ ಫೂರಿಯೆ ಹಳೆಯ ಒಡೆಯನನ್ನು ಎದುರುಗೊಳ್ಳಲಾರದೆ ಲಿಯೋ ನಗರಕ್ಕೆ ಹೊರಟುಹೋದನು. ನೆಪೋಲಿಯನ್ ಸಿಟ್ಟಾದರೂ ಕ್ಷಮಿಸಿ, ರೋನ್ ಜಿಲ್ಲೆಯ ಅಧಿಕಾರವನ್ನೇ ಕೊಟ್ಟನು. ಅದೂ ಕೆಲವೇ ವಾರಗಳ ಮಾತು. ಅರಸೊತ್ತಿಗೆ ಮರಳಿದಾಗ ಫೂರಿಯೆ ಎರಡೂ ಕಡೆಗೆ ಸಲ್ಲದವನಾಗಿ, ಕೈಯಲ್ಲಿ ಕಾಸಿಲ್ಲದೆ ಪ್ಯಾರಿಸನ್ನು ಸೇರಿದನು. ಹಳೆಯ ಶಿಷ್ಯನೊಬ್ಬನು ಅಲ್ಲಿ ಅಧಿಕಾರಿಯಾಗಿದ್ದುದರಿಂದ ಅಂಕಿಅಂಶಗಳ ಕಚೇರಿಯಲ್ಲಿ ಕೆಲಸ ಸಿಕ್ಕಿತು. 1816ರಲ್ಲಿ ವಿಜ್ಞಾನ ಸಭೆ ಆತನನ್ನು ಸದಸ್ಯನನ್ನಾಗಿ ಆರಿಸಿದರೆ ಅರಸನು ಒಪ್ಪಿಗೆ ಕೊಡಲಿಲ್ಲ. ಮರುವರ್ಷ ಮತ್ತೆ ಆರಿಸಿದರು. 1822ರಲ್ಲಿ ಆತ ಆ ಸಭೆಯ ಕಾಯಂ ಕಾರ್ಯದರ್ಶಿಯಾದನು. ಉಷ್ಣವನ್ನು ಕುರಿತ ಆತನ ಮಹಾಗ್ರಂಥ ಕೊನೆಗೂ ಬೆಳಕು ಕಂಡದ್ದು ಅದೇ ವರ್ಷ, ಮೊದಲ ಪ್ರಬಂಧದಿಂದ ಹದಿನೈದು ವರ್ಷಗಳ ಮೇಲೆ. ಶಾಂಪೋಲಿಯೋ ಈಜಿಪ್ಟಿನ ಲಿಪಿಯ ಗುಟ್ಟನ್ನು ಒಡೆದು ಲೋಕಕ್ಕೆ ಸಾರಿದ್ದೂ ಅದೇ 1822ರಲ್ಲಿ.

ಅಂದಿನಿಂದ ಈ ವಿಧಾನವು ಉಷ್ಣವನ್ನು ದಾಟಿ ಶಬ್ದ, ಬೆಳಕು, ವಿದ್ಯುತ್ತು ಎಲ್ಲವನ್ನೂ ಆವರಿಸಿತು. ಯಾವುದೇ ಸದ್ದನ್ನು ಕೊಡಿ, ಅದರಲ್ಲಿ ಯಾವ ಯಾವ ಆವೃತ್ತಿಯ ಅಲೆ ಎಷ್ಟೆಷ್ಟು ಬೆರೆತಿದೆಯೆಂದು ಪಟ್ಟಿ ಕೊಡುತ್ತದೆ. ಆದರೆ ಆ ಪಟ್ಟಿಯಲ್ಲಿ ಒಂದು ದೊಡ್ಡ ಕೊರತೆಯುಂಟು. ಗಾಯಕನೊಬ್ಬನು ಮೋಹನ ರಾಗದ ಸ್ವರಗಳನ್ನು ಆರೋಹಣದಲ್ಲಿ ಹಾಡಲಿ. ಆ ಧ್ವನಿಮುದ್ರಣವನ್ನೇ ಹಿಂದುಮುಂದಾಗಿ ನುಡಿಸಿದರೆ ಅವರೋಹಣ ಕೇಳಿಸುತ್ತದೆ. ಎರಡಕ್ಕೂ ಫೂರಿಯೆಯ ಪಟ್ಟಿಯಲ್ಲಿನ ಅಲೆಗಳ ಬಲ ಒಂದೇ! ಯಾವ ಸ್ವರ ಇತ್ತೆಂಬುದು ತಿಳಿಯಿತು, ಯಾವಾಗ ಬಂದಿತೆಂಬುದು ತಿಳಿಯಲಿಲ್ಲ. ಮಾಹಿತಿಯೇನೋ ಅಳಿದಿಲ್ಲ, ಅಲೆಗಳು ಒಂದಕ್ಕೊಂದು ಎಷ್ಟು ಹಿಂದುಮುಂದಾಗಿ ಹೊರಟಿವೆ ಎಂಬ ಲೆಕ್ಕದಲ್ಲಿ ಅಡಗಿಕೊಂಡಿದೆ. ಆದರೆ ಕಣ್ಣಿಗೆ ಕಾಣುವಂತಿಲ್ಲ. ಫೂರಿಯೆಯ ಅಲೆ ಅನಾದಿ, ಅನಂತ; ಅದಕ್ಕೆ ಇಂದು ನಾಳೆಗಳಿಲ್ಲ.

ತರ್ಕದ ಕಡೆಯಿಂದಲೂ ತೊಡಕುಗಳಿದ್ದವು. 1829ರಲ್ಲಿ ಡಿರಿಶ್ಲೆ ಎಂಬ ತರುಣನು ಯಾವ ನಿಬಂಧನೆಯಲ್ಲಿ ಫೂರಿಯೆಯ ಮಾತು ನಿಲ್ಲುತ್ತದೆಂದು ತೋರಿಸಿದನು. 1873ರಲ್ಲಿ ಡು ಬ್ವಾ ರೇಮಂಡ್, ಎಲ್ಲಿಯೂ ತುಂಡಾಗದ ಗೆರೆಯೊಂದಕ್ಕೂ ಈ ಶ್ರೇಣಿ ಒಂದೆಡೆ ಕೈಕೊಡಬಹುದೆಂದು ತೋರಿಸಿದನು. ಹಾಗಾದರೆ ಹೀಗೆ ಕೈಕೊಡದ ಬೇರೆ ಅಲೆಗಳುಂಟೇ? 1909ರಲ್ಲಿ ಹಂಗೆರಿಯ ಆಲ್ಫ್ರೆಡ್ ಹಾರ್ ಅಂಥವನ್ನು ಕಟ್ಟಿದನು: ಸ್ವಲ್ಪ ಹೊತ್ತು ಮೇಲೆ, ಅಷ್ಟೇ ಹೊತ್ತು ಕೆಳಗೆ, ಆಮೇಲೆ ಶೂನ್ಯ. ಮೆಟ್ಟಿಲಿನಂಥ ಈ ಪುಟ್ಟ ಅಲೆಗೆ ಮೊದಲುಂಟು, ಕೊನೆಯುಂಟು. ಇಂದು ವೇವ್‌ಲೆಟ್ ಎಂದು ಕರೆಯುವ, ಕಿರುದೆರೆಯೆಂದು ನಾವು ಹೇಳಬಹುದಾದ ವಸ್ತುವಿನ ಮೊದಲ ಮಾದರಿ ಇದೇ. ಆ ಹೆಸರು ಆಗ ಯಾರಿಗೂ ಹೊಳೆದಿರಲಿಲ್ಲ.

ಎಪ್ಪತ್ತು ವರ್ಷಗಳಾದ ಮೇಲೆ ಫ್ರಾನ್ಸಿನಲ್ಲಿಯೇ ಜಾನ್ ಮೋರ್ಲೆ ಎಂಬ ಭೂವಿಜ್ಞಾನಿ ತೈಲ ಹುಡುಕುವ ಕೆಲಸದಲ್ಲಿದ್ದರು. ನೆಲಕ್ಕೆ ಕಂಪನ ಕೊಟ್ಟು, ಪದರಪದರಗಳಿಂದ ಮರಳುವ ಪ್ರತಿಧ್ವನಿಯನ್ನು ಓದಬೇಕು. ಯಾವ ಆವೃತ್ತಿಯ ಅಲೆ ಯಾವ ಗಳಿಗೆಯಲ್ಲಿ ಬಂದಿತೆಂಬುದೇ ಅಲ್ಲಿ ಸರ್ವಸ್ವ. ಅವರು ಒಂದು ಕಿರುದೆರೆಯನ್ನೇ ತೆಗೆದುಕೊಂಡು ಹಿಗ್ಗಿಸಿ, ಕುಗ್ಗಿಸಿ, ಸಂಕೇತದುದ್ದಕ್ಕೂ ಸರಿಸುತ್ತ ಹೋಗಿ, ಎಲ್ಲೆಲ್ಲಿ ಎಷ್ಟು ಹೊಂದಿಕೆಯಾಗುತ್ತದೆಂದು ಲೆಕ್ಕ ಹಾಕಿದರು. ಮಾರ್ಸೇಲ್ಸಿನ ಭೌತಶಾಸ್ತ್ರಜ್ಞ ಗ್ರಾಸ್ಮನ್ ಅದಕ್ಕೆ ಗಣಿತದ ಬುನಾದಿ ಕೊಟ್ಟರು. ಇಬ್ಬರ ಪ್ರಬಂಧ 1984ರಲ್ಲಿ ಬಂದಿತು. ಆ ಪ್ರಬಂಧ ಈವ್ ಮೆಯೆರ್ ಎಂಬ ಗಣಿತಜ್ಞರ ಕಣ್ಣಿಗೆ ಬಿದ್ದುದು ನಕಲು ತೆಗೆಯುವ ಯಂತ್ರದ ಮುಂದೆ ತಮ್ಮ ಸರದಿಗಾಗಿ ಕಾಯುತ್ತಿದ್ದಾಗ; ಆ ಯಂತ್ರವಿದ್ದದ್ದು ಎಕೋಲ್ ಪಾಲಿಟೆಕ್ನೀಕಿನಲ್ಲಿ, ಫೂರಿಯೆ ಪಾಠ ಹೇಳಿದ ವಿದ್ಯಾಲಯದಲ್ಲಿ! ಮೆಯೆರ್ ಆ ದಾರಿಯಲ್ಲಿ ಬಹುದೂರ ನಡೆದು 2017ರಲ್ಲಿ ಆಬೆಲ್ ಪ್ರಶಸ್ತಿ ಪಡೆದರು.

ಲೆಕ್ಕ ಮುಗಿದ ಮೇಲೆ ಅದನ್ನು ಕಾಲಕ್ಕೆ ಎದುರಾಗಿ ಚಿತ್ರಿಸುವುದು ಹೇಗೆ? ಸುಲಭವೆಂದು ತೋರುತ್ತದೆ, ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಸೆಕೆಂಡಿಗೆ 100ರಂತೆ 1024 ಅಳತೆಗಳುಳ್ಳ ಸಂಕೇತವನ್ನು ಹಾರನ ಮೆಟ್ಟಿಲಿನಿಂದ ಹಂತಹಂತವಾಗಿ ಬಿಡಿಸಿದರೆ ಮೊದಲ ಹಂತದಲ್ಲಿ 512 ಸಂಖ್ಯೆಗಳು, ಎರಡನೆಯದರಲ್ಲಿ 256, ಐದನೆಯದರಲ್ಲಿ 32 ಮಾತ್ರ ದೊರೆಯುತ್ತವೆ. ಅವನ್ನು ಒಂದು, ಎರಡು, ಮೂರು ಎಂದು ಎಣಿಸಿ ಗೆರೆ ಎಳೆದರೆ, 800ನೆಯ ಅಳತೆಯಲ್ಲಿ ನಡೆದ ಘಟನೆ ಮೊದಲ ಹಂತದ ಚಿತ್ರದಲ್ಲಿ 400ರ ಹತ್ತಿರವೂ ಐದನೆಯದರಲ್ಲಿ 25ರ ಹತ್ತಿರವೂ ಕಾಣುತ್ತದೆ. ಒಂದೇ ಘಟನೆ, ಎರಡು ಕಾಲ! ಈ ಲೇಖಕನೂ ಒಮ್ಮೆ ಹೀಗೆ ಮೋಸಹೋಗಿ ಎರಡು ದಿನ ತಲೆ ಕೆಡಿಸಿಕೊಂಡದ್ದುಂಟು. ಮೊದಲ ಹಂತದ ಸಂಖ್ಯೆಯೊಂದು ಎರಡು ಅಳತೆಗಳ ಅಗಲಕ್ಕೆ, ಐದನೆಯ ಹಂತದ್ದು 32 ಅಳತೆಗಳ ಅಗಲಕ್ಕೆ ಸಲ್ಲುತ್ತದೆ; ಅಷ್ಟಷ್ಟು ಅಗಲವಾದ ಚೌಕಗಳಾಗಿ ಅವನ್ನು ಹಾಸಿದರೆ ಎಲ್ಲ ಹಂತಗಳೂ ಒಂದೇ ಕಾಲರೇಖೆಯ ಮೇಲೆ ಕೂಡುತ್ತವೆ, ಘಟನೆ ಎಲ್ಲದರಲ್ಲಿಯೂ ಎಂಟನೆಯ ಸೆಕೆಂಡಿನ ಬಳಿ ನಿಲ್ಲುತ್ತದೆ. ಹಾರನದಕ್ಕಿಂತ ಉದ್ದನೆಯ ಕಿರುದೆರೆಯಾದರೆ ಅದು ತರುವ ವಿಳಂಬವನ್ನೂ ಕಳೆಯಬೇಕು.

ಮೋರ್ಲೆಯವರ ಬಗೆಯಲ್ಲಿ ಈ ಗೊಂದಲವಿಲ್ಲ. ಪ್ರತಿಯೊಂದು ಅಳತೆಗೂ ಪ್ರತಿಯೊಂದು ಹಿಗ್ಗಿಗೂ ಒಂದು ಸಂಖ್ಯೆ ಬರುತ್ತದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಅಲೆಯ ಅವಧಿ, ಬಲಕ್ಕೆ ತಕ್ಕಂತೆ ಬಣ್ಣ. ಅವಧಿಯನ್ನು ಎರಡು, ನಾಲ್ಕು, ಎಂಟು, ಹದಿನಾರು ಎಂದು ಇಮ್ಮಡಿಯಾಗುವ ಮೆಟ್ಟಿಲುಗಳಲ್ಲಿ ಗುರುತಿಸುವುದು ಪದ್ಧತಿ. ಸಣ್ಣ ಅವಧಿಯ ಕಡೆ ಕಾಲ ಚೂಪಾಗಿ ಕಾಣುತ್ತದೆ, ದೀರ್ಘಾವಧಿಯ ಕಡೆ ಬಣ್ಣ ಅಕ್ಕಪಕ್ಕಕ್ಕೆ ಹರಡುತ್ತದೆ. ಎರಡನ್ನೂ ಏಕಕಾಲದಲ್ಲಿ ಚೂಪಾಗಿಸುವುದು ಗಣಿತಕ್ಕೇ ಸಾಧ್ಯವಿಲ್ಲ. ಸಂಕೇತದ ಎರಡು ತುದಿಗಳಲ್ಲಿ ಕಿರುದೆರೆಯ ಭಾಗ ಹೊರಚಾಚುವುದರಿಂದ ಅಲ್ಲಿಯ ಬಣ್ಣವನ್ನು ನಂಬಬಾರದು. ಅವಧಿ ಹೆಚ್ಚಿದಂತೆ ಈ ಸಂಶಯದ ಪ್ರದೇಶ ಒಳಕ್ಕೆ ಚಾಚಿ ಶಂಕುವಿನ ಆಕಾರ ತಾಳುತ್ತದೆ. ಬಲ್ಲವರು ಅದನ್ನು ಗೆರೆ ಹಾಕಿ ತೋರಿಸುತ್ತಾರೆ.

ಇಂಥ ಚಿತ್ರದಿಂದ ತಿಳಿಯುವುದೇನು? ಶಾಂತಸಾಗರದ ನಡುಗೆರೆಯ ನೀರು ಕೆಲವು ವರ್ಷಗಳಿಗೊಮ್ಮೆ ಬೆಚ್ಚಗಾಗುವ ಎಲ್ ನಿನ್ಯೋ ಎಂಬ ವಿದ್ಯಮಾನಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಟಾರೆನ್ಸ್ ಮತ್ತು ವೆಬ್‌ಸ್ಟರ್ ಎಂಬ ವಿಜ್ಞಾನಿಗಳು 1999ರ ಪ್ರಬಂಧದಲ್ಲಿ ಹೀಗೆಯೇ ಪರೀಕ್ಷಿಸಿದರು. ಹಿಂದಿನ ಸುಮಾರು 125 ವರ್ಷಗಳ ಸಮುದ್ರದ ಉಷ್ಣತೆಯನ್ನೂ ಇಡೀ ಭಾರತದ ಮಳೆಯನ್ನೂ ಕಿರುದೆರೆಗಳಿಂದ ಅಳೆದರು. ಎರಡರಿಂದ ಏಳು ವರ್ಷಗಳ ಅವಧಿಯ ಏರಿಳಿತ 1875ರಿಂದ 1920ರವರೆಗೆ ಬಲವಾಗಿತ್ತು, 1920ರಿಂದ 1960ರವರೆಗೆ ಕುಗ್ಗಿತ್ತು, 1960ರಿಂದ 1990ರವರೆಗೆ ಮತ್ತೆ ಹೆಚ್ಚಿತ್ತು. ಫೂರಿಯೆಯ ಪಟ್ಟಿಯೊಂದನ್ನೇ ನಂಬಿದವನಿಗೆ ಇಷ್ಟು ವರ್ಷಗಳ ಅಲೆಯೊಂದು ಉಂಟೆಂದು ಗೊತ್ತಾಗುತ್ತಿತ್ತು. ನಡುವೆ ನಾಲ್ವತ್ತು ವರ್ಷ ಅದು ಮಂಕಾಗಿತ್ತೆಂಬುದು ಗೊತ್ತಾಗುತ್ತಿರಲಿಲ್ಲ. ಮಳೆಯನ್ನು ನೆಚ್ಚಿದ ನಾಡಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಭೂಮಿಯ ಕಾವು ಫೂರಿಯೆಯ ಕೊನೆಯ ವರ್ಷಗಳ ಚಿಂತೆಯೂ ಆಗಿತ್ತು. ಸೂರ್ಯನಿಂದ ಬರುವ ಬೆಳಕನ್ನು ವಾಯುಮಂಡಲ ಸುಲಭವಾಗಿ ಒಳಬಿಟ್ಟು, ನೆಲದಿಂದ ಹೊರಹೊರಡುವ ಕಾವನ್ನು ಅಷ್ಟು ಸುಲಭವಾಗಿ ಬಿಡದಿರುವುದರಿಂದ ಭೂಮಿ ಬೆಚ್ಚಗಿರುತ್ತದೆಂಬ ವಿಚಾರವನ್ನು ಆತ 1824ರಲ್ಲಿ ಮುಂದಿಟ್ಟನು. ತನ್ನ ಮೈಯ ವಿಷಯದಲ್ಲಿಯೂ ಆತನಿಗೆ ಕಾವಿನ ಗೀಳು. ಈಜಿಪ್ಟಿನಿಂದ ಬಂದ ಮೇಲೆ ಚಳಿಯನ್ನು ಸಹಿಸಲಾರದೆ, ಕೋಣೆಯನ್ನು ಬೆಂಕಿಯಿಂದ ಕಾಯಿಸಿಕೊಂಡು, ಮೈತುಂಬ ದಪ್ಪ ಬಟ್ಟೆ ಸುತ್ತಿಕೊಂಡಿರುತ್ತಿದ್ದನು. ಆತ ಮದುವೆಯಾಗಲಿಲ್ಲ. ಗಣಿತದಲ್ಲಿ ಹೆಂಗಸರಿಗೆ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಸೋಫಿ ಜೆರ್ಮೈನಳಿಗೆ ವಿಜ್ಞಾನಸಭೆಯ ಅಧಿವೇಶನಗಳಿಗೆ ಬರುವ ಅನುಕೂಲ ಮಾಡಿಕೊಟ್ಟನು. ಪೆಟ್ಟಿಗೆಯಲ್ಲಿ ಉಳಿದಿದ್ದ 1811ರ ಪ್ರಬಂಧವನ್ನು, ತಾನು ಕಾರ್ಯದರ್ಶಿಯಾದ ಮೇಲೆ, ಸಂಸ್ಥೆಯ ಸಂಪುಟಗಳಲ್ಲಿಯೇ ಅಚ್ಚು ಹಾಕಿಸಿದನು. ಅದನ್ನು ಸೇಡೆನ್ನುವವರೂ ಇರಬಹುದು. ನನಗೆ ಹಾಗೆ ತೋರುವುದಿಲ್ಲ.

1830ರಲ್ಲಿ ಗಾಲ್ವಾ ಎಂಬ ಹದಿನೆಂಟರ ಹುಡುಗನು ಬಹುಮಾನಕ್ಕಾಗಿ ಕಳುಹಿಸಿದ ಪ್ರಬಂಧವು ಕಾರ್ಯದರ್ಶಿಯಾದ ಫೂರಿಯೆಯ ಕೈಸೇರಿತು. ಆತ ಅದನ್ನು ಮನೆಗೆ ಒಯ್ದನು. ಮೇ 4ರಂದು ಮೆಟ್ಟಿಲಿನಿಂದ ಜಾರಿ ಬಿದ್ದನು; ಮೊದಲೇ ದುರ್ಬಲವಾಗಿದ್ದ ಹೃದಯ ಚೇತರಿಸಿಕೊಳ್ಳಲಿಲ್ಲ. 16ರಂದು ಪ್ರಾಣ ಹೋಯಿತು. ಗಾಲ್ವಾನ ಪ್ರಬಂಧ ಆತನ ಕಾಗದಪತ್ರಗಳಲ್ಲಿ ಸಿಗಲಿಲ್ಲ. ಸಮೀಕರಣಗಳ ಮೇಲೆ ಫೂರಿಯೆ ತಾನು ಬರೆಯುತ್ತಿದ್ದ ಪುಸ್ತಕವೂ ಅರ್ಧಕ್ಕೆ ನಿಂತಿತು; ಅದನ್ನು ಗೆಳೆಯ ನಾವ್ಯೆ 1831ರಲ್ಲಿ ಹೊರತಂದನು. ಪರೀಕ್ಷಕರು ತಡೆದ 1807ರ ಮೊದಲ ಪ್ರಬಂಧ ಮಾತ್ರ ಅಚ್ಚಾಗಲು 1972ರವರೆಗೆ ಕಾಯಬೇಕಾಯಿತು.

ಪ್ಯಾರಿಸಿನ ಪೇರ್ ಲಶೇಜ್ ಶ್ಮಶಾನದಲ್ಲಿ, ಈಜಿಪ್ಟಿನ ಶೈಲಿಯ ಅಲಂಕಾರವುಳ್ಳ ಗೋರಿಯಲ್ಲಿ ಆತನನ್ನು ಮಣ್ಣು ಮಾಡಿದರು. ಎರಡು ವರ್ಷಗಳ ಮೇಲೆ ಶಾಂಪೋಲಿಯೋನನ್ನೂ ಅದೇ ಶ್ಮಶಾನಕ್ಕೆ ತಂದರು.